ನಿಮ್ಮ ಕಾರಿನ ಅಡಿಭಾಗ ನೋಡಿ ಎಷ್ಟು ದಿನವಾಯ್ತು? ತುಕ್ಕು, ಬುಷ್, ಬ್ರೇಕ್ ಬಗ್ಗೆ ಗೊತ್ತಿರಬೇಕಾದ ಸಂಗತಿಗಳು

ಕಾರಿನ ಬಾಗಿಲ ಮೇಲೆ ಒಂದು ಗೀರು ಬಿದ್ದರೆ ಎರಡು ದಿನ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಅದೇ ಕಾರಿನ ಹೊಟ್ಟೆಗೆ ಹಂಪ್ ತಗುಲಿ 'ಧಡ್' ಎಂದರೆ, ಗಾಡಿ ಓಡುತ್ತಿದೆಯಲ್ಲ ಎಂದುಕೊಂಡು ಮುಂದೆ ಹೋಗುತ್ತೇವೆ. ಬಾಗಿಲಿನ ಗೀರಿನಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಆದರೆ ಬ್ರೇಕ್ ಪೈಪು, ಸಸ್ಪೆನ್ಷನ್, ಸ್ಟೀರಿಂಗ್ ರಾಡು, ಆಯಿಲ್ ಚೇಂಬರ್, ಇಂಧನದ ಪೈಪು ಎಲ್ಲವೂ ಇರುವುದು ನಮ್ಮ ಕಣ್ಣಿಗೆ ಬೀಳದ ಆ ಅಡಿಭಾಗದಲ್ಲೇ.

ಸರ್ವಿಸ್ ಸೆಂಟರ್‌ನಲ್ಲಿ ಎಲ್ಲಾ ನೋಡುತ್ತಾರೆ ಎಂಬ ನಂಬಿಕೆ ನಮ್ಮದು. ಕಾರು ಲಿಫ್ಟ್ ಏರಿದಾಗ ಎಂಜಿನ್ ಆಯಿಲ್ ಇಳಿಸುವುದೇನೋ ಖಂಡಿತ. ಉಳಿದದ್ದನ್ನು ಎಷ್ಟು ನೋಡುತ್ತಾರೆ ಎಂಬುದು ಅಂದಿನ ಗದ್ದಲದ ಮೇಲಿರುತ್ತದೆ. ಹಾಗಾಗಿ ಮುಂದಿನ ಬಾರಿ ಕಾರು ಲಿಫ್ಟ್ ಮೇಲಿದ್ದಾಗ 10 ನಿಮಿಷ ಕೆಳಗೆ ನಿಂತು ನೋಡಲು ಅವಕಾಶ ಕೇಳಿ. ಬಹುತೇಕ ಕಡೆ ಬೇಡ ಎನ್ನುವುದಿಲ್ಲ.

ಸಮುದ್ರದ ಗಾಳಿ, ನಿಂತ ನೀರು

ಮುಂಬೈ, ಚೆನ್ನೈ, ಮಂಗಳೂರಿನಂಥ ಕಡಲೂರುಗಳಲ್ಲಿ ಗಾಳಿಯಲ್ಲೇ ಉಪ್ಪಿರುತ್ತದೆ. ಉಪ್ಪು, ತೇವ ಮತ್ತು ಕಲ್ಲೇಟಿಗೆ ಬಣ್ಣ ಕಳೆದುಕೊಂಡ ಕಬ್ಬಿಣ, ಈ ಮೂರು ಸೇರಿದರೆ ತುಕ್ಕು ಬೇಗ ಬೆಳೆಯುತ್ತದೆ. ಪುಣೆ, ಹೈದರಾಬಾದ್, ದೆಹಲಿಯಲ್ಲಿ ಉಪ್ಪಿನ ಕಾಟ ಇಲ್ಲ, ಆದರೆ ಮಳೆಗಾಲದ ಕೆಸರು ಇದೆ. ಚಕ್ರದ ಗೂಡಿನ ಮೂಲೆಯಲ್ಲಿ ಮೆತ್ತಿಕೊಂಡ ಕೆಸರು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹೊರಗೆ ಬಿಸಿಲಿದ್ದರೂ ಒಳಗೆ ಲೋಹ ಒಣಗಿರುವುದಿಲ್ಲ.

ಇಂದಿನ ಕಾರುಗಳ ಬಾಡಿಗೆ ಕಾರ್ಖಾನೆಯಲ್ಲೇ ತುಕ್ಕು ತಡೆಯುವ ಲೇಪನ ಇರುತ್ತದೆ. ಬಾಡಿ ಜೋಡಣೆಯ ಅಂಚುಗಳು, ಬಾಗಿಲ ಕೆಳಗಿನ ಪಟ್ಟಿ, ಸಬ್‌ಫ್ರೇಮ್, ಸೈಲೆನ್ಸರ್ ಕ್ಲಾಂಪ್ ಮತ್ತು ಬ್ರೇಕಿನ ಲೋಹದ ಪೈಪುಗಳು ಮಾತ್ರ ಮೊದಲು ಸೋಲುವ ಜಾಗಗಳು. ಮೇಲ್ಮೈಯಲ್ಲಿ ಕಂದು ಪುಡಿ ಕಂಡರೆ ಗಾಬರಿ ಬೇಡ, ಉಜ್ಜಿ ಪ್ರೈಮರ್ ಹಚ್ಚಿದರೆ ಸಾಕು. ಬೆರಳಿನಿಂದ ಒತ್ತಿದಾಗ ಪದರ ಪದರವಾಗಿ ಉದುರಿದರೆ, ಅದರಲ್ಲೂ ಬ್ರೇಕ್ ಪೈಪಿನಲ್ಲಿ ಹಾಗಾದರೆ, ಮುಂದೂಡುವ ಮಾತೇ ಇಲ್ಲ.

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸುವ ಕೆಲಸ ಇದು, ಖರ್ಚಿಲ್ಲ.

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿದಿತ್ತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತ್ತು. ಅಷ್ಟು ದೊಡ್ಡ ನೆರೆಯೇ ಬರಬೇಕೆಂದಿಲ್ಲ, ಅಂಡರ್‌ಪಾಸ್‌ನಲ್ಲಿ ನಿಂತ ನೀರೂ ಸಾಕು. ಚಕ್ರದ ಅರ್ಧದಷ್ಟು ನೀರಿನಲ್ಲಿ ಕಾರು ಓಡಿಸಿದ್ದರೆ, ದಾಟಿದ ತಕ್ಷಣ ಹಿಂದೆ ವಾಹನವಿಲ್ಲದ ಕಡೆ ನಿಧಾನವಾಗಿ ಚಲಿಸುತ್ತಾ ಬ್ರೇಕ್ ಅನ್ನು ನಾಲ್ಕೈದು ಬಾರಿ ಹಗುರವಾಗಿ ಒತ್ತಿ, ಒಣಗಲಿ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಸಣ್ಣ ಕಾರುಗಳಲ್ಲಿ ಇದು ಇನ್ನೂ ಮುಖ್ಯ, ಡ್ರಮ್ ಒಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ಆ ವಾರದಲ್ಲೇ ಗೇರ್ ಆಯಿಲ್ ಪರೀಕ್ಷೆ ಮಾಡಿಸಿ. ಹಾಲು ಬೆರೆತಂತೆ ಬಿಳಚಿಕೊಂಡಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸಲೇಬೇಕು.

ಕೋಟಿಂಗ್ ಬೇಕೇ? ಡೀಸೆಲ್ ಹೊಡೆಸಬಹುದೇ?

ಹೊಸ ಕಾರು ಕೊಳ್ಳುವಾಗ ಶೋರೂಂನವರು ಮೊದಲು ಮುಂದಿಡುವ ಹೆಚ್ಚುವರಿ ಖರ್ಚುಗಳಲ್ಲಿ ಅಂಡರ್‌ಬಾಡಿ ಕೋಟಿಂಗ್ ಒಂದು. ಕಡಲತೀರದಲ್ಲಿರುವವರಿಗೆ, ಬಯಲಲ್ಲೇ ಕಾರು ನಿಲ್ಲಿಸುವವರಿಗೆ ಅದರಿಂದ ಪ್ರಯೋಜನವಿದೆ. ಒಣ ಊರಿನಲ್ಲಿದ್ದು, ಮುಚ್ಚಿದ ಪಾರ್ಕಿಂಗ್ ಇರುವವರಿಗೆ ಅಷ್ಟೇನೂ ತುರ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಕಿಸುವುದೇ ಆದರೆ ಅಡಿಭಾಗವನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದ ಮೇಲೆ ಹಾಕಬೇಕು. ಒದ್ದೆ ಇದ್ದಾಗ ಅಥವಾ ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಹೊಸದರಂತೆ ಕಂಡರೂ ಕೆಳಗೆ ಲೋಹ ಕರಗುತ್ತಿರುತ್ತದೆ. ಸೈಲೆನ್ಸರ್, ಬ್ರೇಕ್ ಡಿಸ್ಕ್, ಡ್ರೈವ್‌ಶಾಫ್ಟ್, ರಬ್ಬರ್ ಬುಷ್, ಸೆನ್ಸರ್ ಹಾಗೂ ನೀರು ಹೋಗುವ ತೂತುಗಳಿಗೆ ಕೋಟಿಂಗ್ ತಾಗಬಾರದು. ಹೇಳಿ ಹಾಕಿಸಿ.

ಇನ್ನು ಕೆಲವು ವಾಟರ್ ವಾಶ್ ಅಂಗಡಿಗಳಲ್ಲಿ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಅನ್ನು ಅಡಿಗೆ ಸ್ಪ್ರೇ ಮಾಡುವ ಪದ್ಧತಿ ಇನ್ನೂ ಇದೆ. ಹಳೆಯ ಲಾರಿಗಳ ಕಾಲದ ಅಭ್ಯಾಸ ಅದು. ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಜಾರುತ್ತದೆ, ಎಣ್ಣೆಗೆ ಧೂಳು ಅಂಟಿ ಮತ್ತಷ್ಟು ಕೊಳೆ ಕೂರುತ್ತದೆ. ಬೇಡ ಎನ್ನಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬರಿ ನೀರಿನಲ್ಲಿ ಅಡಿಭಾಗ ತೊಳೆಸಿದರೆ ಸಾಕು.

ಸದ್ದು ಕೇಳಿ ರೋಗ ತಿಳಿಯಿರಿ

ಅಡಿಭಾಗದ ಬಹುತೇಕ ದೋಷಗಳು ಮೊದಲು ಸದ್ದಿನ ಮೂಲಕವೇ ತಿಳಿಯುತ್ತವೆ. ಮ್ಯೂಸಿಕ್ ಬಂದ್ ಮಾಡಿ, ಕಿಟಕಿ ಇಳಿಸಿ, ಗೋಡೆ ಪಕ್ಕದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಸಣ್ಣ ಗುಂಡಿಗೆ ಇಳಿದಾಗ 'ಟಕ್ ಟಕ್' ಎಂದರೆ ಮೊದಲು ಅನುಮಾನಿಸಬೇಕಾದ್ದು ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್. ಲಿಂಕ್ ರಾಡ್ ಸವೆದರೆ ಕಿರಿಕಿರಿ ಹೆಚ್ಚು, ತಕ್ಷಣದ ಅಪಾಯ ಕಡಿಮೆ. ಆದರೆ ಲೋವರ್ ಆರ್ಮ್ ತುದಿಯ ಬಾಲ್ ಜಾಯಿಂಟ್ ಹಾಗಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿಟ್ಟಿರುವುದೇ ಅದು. ಪೂರ್ತಿ ಸವೆದು ಕಳಚಿಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಂಡು ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ರಸ್ತೆ ಬದಿಯಲ್ಲಿ ಮುಂದಿನ ಚಕ್ರ ಮುರಿದುಕೊಂಡು ಕೂತ ಕಾರುಗಳನ್ನು ನೋಡಿರುತ್ತೀರಿ, ಹಾಗಾಗಲು ಇರುವ ಕಾರಣಗಳಲ್ಲಿ ಇದೂ ಒಂದು. ಅದರ ರಬ್ಬರ್ ಟೋಪಿ ಹರಿದರೆ ಗ್ರೀಸ್ ಹೊರಬಂದು ಮಣ್ಣು ಒಳಹೋಗುತ್ತದೆ, ಸವೆತ ಶುರುವಾಗುವುದು ಅಲ್ಲಿಂದಲೇ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ಚಲಿಸುವಾಗ 'ಕಟ ಕಟ ಕಟ' ಎಂದು ಕೇಳಿದರೆ ಡ್ರೈವ್‌ಶಾಫ್ಟ್‌ನ ಹೊರಬದಿಯ ಸಿವಿ ಜಾಯಿಂಟ್ ಸವೆದಿದೆ. ಇಲ್ಲೂ ಕಥೆ ಅದೇ, ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಮೊದಲು ಸೀಳುತ್ತದೆ. ಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸ್ ಸಿಡಿದಿರುವುದು ಕಂಡ ಕೂಡಲೇ ಬೂಟ್ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಸದ್ದು ಬರುವವರೆಗೆ ಕಾದರೆ ಜಾಯಿಂಟನ್ನೇ, ಕೆಲವೊಮ್ಮೆ ಇಡೀ ಶಾಫ್ಟನ್ನೇ ಬದಲಿಸಬೇಕು. ಖರ್ಚು ಹಲವು ಪಟ್ಟು.

ವೇಗ ಹೆಚ್ಚಿದಂತೆ 'ಗುಂಯ್' ಎಂಬ ಸದ್ದೂ ಏರಿದರೆ ವೀಲ್ ಬೇರಿಂಗ್ ಇರಬಹುದು. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಜೋರಾದರೆ ಎಡಗಡೆಯದನ್ನು ನೋಡಿಸಿ. ಇನ್ನು 80-100 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್, ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್. ಎರಡನ್ನೂ ಗೊಂದಲ ಮಾಡಿಕೊಂಡು ಬ್ಯಾಲೆನ್ಸಿಂಗ್‌ಗೆ ಮೂರು ಬಾರಿ ದುಡ್ಡು ಕೊಟ್ಟವರು ಕಡಿಮೆ ಇಲ್ಲ.

ಲಿಫ್ಟ್ ಮೇಲೆ ಕಾರಿದ್ದಾಗ ಮೆಕ್ಯಾನಿಕ್‌ಗೆ ಹೇಳಿ ಚಕ್ರ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಹರಿದ ಗುರುತಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಆ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಊರಿಗೆ ಹೊರಡುವ ಮುನ್ನ

ಗಣೇಶ ಚತುರ್ಥಿಗೋ ದೀಪಾವಳಿಗೋ ಮುಂಬೈ, ಪುಣೆಯಿಂದ ಕಾರಿನಲ್ಲೇ ಊರಿಗೆ ಹೊರಡುವವರು ಬಹಳ. ಐದು ಜನ, ಡಿಕ್ಕಿ ತುಂಬ ಲಗೇಜು, ದಾರಿಯಲ್ಲಿ ಘಟ್ಟ. ಇಂಥ ಪ್ರಯಾಣದಲ್ಲಿ ಬ್ರೇಕ್ ಫ್ಲೂಯಿಡ್‌ನ ಹಣೆಬರಹ ಗೊತ್ತಾಗುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದ್ದರೆ, ತೇವ ಹೀರಿದ ಮೇಲೆ ಅದು 155 ಡಿಗ್ರಿಗೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ಆ ಬಿಸಿಗೆ ಫ್ಲೂಯಿಡ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಿಸಬೇಕು. ಬಹಳಷ್ಟು ಮಾಲೀಕರು ಕಾರು ಮಾರುವವರೆಗೂ ಬದಲಿಸಿರುವುದಿಲ್ಲ. ಇಳಿಜಾರಿನಲ್ಲಿ 2 ಅಥವಾ 3ನೇ ಗೇರಿನಲ್ಲಿ ಇಳಿಯಿರಿ, ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸಲು ಹೋಗಬೇಡಿ.

ಟಯರ್ ನೋಡಿದರೆ ಅಡಿಭಾಗದ ಆರೋಗ್ಯವೂ ತಿಳಿಯುತ್ತದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕೈಕೊಟ್ಟಿರಬಹುದು. ಕಾನೂನಿನ ಪ್ರಕಾರ ಕಾರಿನ ಟಯರ್‌ನ ಗಾಡಿಗಳು ಕನಿಷ್ಠ 1.6 ಮಿ.ಮೀ. ಆಳ ಇರಬೇಕು. ಟಯರ್ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯನ್ನು ಮರೆಯಬೇಡಿ.

ಆಯಿಲ್ ಚೇಂಬರ್ ಮತ್ತು ಇನ್ಶೂರೆನ್ಸ್

ಕಲ್ಲು ಅಥವಾ ಎತ್ತರದ ಹಂಪ್ ಬಲವಾಗಿ ತಗುಲಿದರೆ ಕಾರು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ, ಅಥವಾ ಡ್ಯಾಶ್‌ಬೋರ್ಡ್‌ನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿದರೆ, ಎಂಜಿನ್ ಆಫ್ ಮಾಡಿ ಟೋಯಿಂಗ್ ಕರೆಯಿರಿ. 'ಇನ್ನೆರಡು ಕಿಲೋಮೀಟರ್ ಅಷ್ಟೆ' ಎಂದು ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಒಡೆದ ಚೇಂಬರ್‌ಗೆ ಪರಿಹಾರ ಸಿಕ್ಕರೂ, ಎಣ್ಣೆಯಿಲ್ಲದೆ ಓಡಿಸಿ ಹಾಳಾದ ಎಂಜಿನ್‌ಗೆ ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಇದೆಯೇ, ಅದರಲ್ಲಿ ಯಾವುದು ಸೇರಿದೆ ಎಂಬುದನ್ನು ರಿನ್ಯೂವಲ್ ಸಮಯದಲ್ಲೇ ಓದಿಕೊಳ್ಳಿ.

ಸ್ವತಃ ಕೆಳಗೆ ನುಸುಳಿ ನೋಡುವ ಉತ್ಸಾಹವಿದ್ದರೆ ಒಂದು ಮಾತು. ಕಾರಿನ ಜೊತೆ ಬರುವ ಜಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ. ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಭಾರ ತಡೆಯುವ ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾ ಆನ್ ಮಾಡಿ ಪಕ್ಕದಿಂದ ತೂರಿಸಿ ವಿಡಿಯೋ ತೆಗೆಯಿರಿ, ಬೇಕಾದಷ್ಟು ಕಾಣುತ್ತದೆ.

ಎಲೆಕ್ಟ್ರಿಕ್ ಕಾರು ಇರುವವರಿಗೆ ಆಯಿಲ್ ಚೇಂಬರ್ ಚಿಂತೆ ಇಲ್ಲ, ಆದರೆ ಕಾರಿನ ಅತಿ ದುಬಾರಿ ಭಾಗವಾದ ಬ್ಯಾಟರಿ ಇರುವುದೇ ಅಡಿಯಲ್ಲಿ. ಅನೇಕ ಬ್ಯಾಟರಿಗಳಿಗೆ ಐಪಿ67 ರಕ್ಷಣೆ ಇದೆ, ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುವಂತೆ ಪರೀಕ್ಷಿಸಲಾಗಿರುತ್ತದೆ. ಕಲ್ಲು ತಗುಲಿ ಅದರ ಕವಚ ಜಜ್ಜಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಇರುವುದರಿಂದ ರಸ್ತೆ ಬದಿಯ ಮೆಕ್ಯಾನಿಕ್ ಕೈಗೆ ಕೊಡದೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಒಯ್ಯಿರಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ದುಡ್ಡು ಕೊಡುವ ಮೊದಲೇ ಲಿಫ್ಟ್ ಮೇಲೆ ಏರಿಸಿ ನೋಡಬೇಕು. ಹಳೆಯ ಕಾರಿನ ಅಡಿಭಾಗ ಮಾತ್ರ ಮಿರಮಿರನೆ ಕಪ್ಪಾಗಿದ್ದರೆ ಮೊನ್ನೆಯಷ್ಟೇ ಕೋಟಿಂಗ್ ಹೊಡೆಸಿದ್ದಾರೆ ಎಂದು ತಿಳಿಯಿರಿ, ಏನನ್ನು ಮುಚ್ಚಿದ್ದಾರೆ ಎಂದು ಕೇಳಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ನೀರಲ್ಲಿ ನಿಂತ ಕಾರಿನ ಗುರುತು ಅಲ್ಲಿ ಸುಲಭಕ್ಕೆ ಹೋಗುವುದಿಲ್ಲ. 15 ವರ್ಷ ತುಂಬುತ್ತಿರುವ ಕಾರಾದರೆ ನೋಂದಣಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ ಎದುರಿಸಬೇಕು, ಅಲ್ಲಿ ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತನಾಡಿ.