ಅಪ್ಪನ ಹೊಲ, ಮಗನ ಲೆಕ್ಕ

2022ರಲ್ಲಿ ನಾನಿದ್ದ ಕಂಪನಿಯಲ್ಲಿ ಒಂದು ಬಿಲ್ ಸಾಲು ಹೀಗಿತ್ತು: ಪ್ರಮಾಣ 12, ದರ 50, ಮೊತ್ತ 650. ಮೊತ್ತ ಅನ್ನೋದು ಜನರೇಟೆಡ್ ಕಾಲಂ. ಅಂದ್ರೆ ಡೇಟಾಬೇಸೇ ಗುಣಿಸಿ ತುಂಬೋದು, ನಾವು ಕೈಯಾರೆ ಬರೆಯೋ ಹಾಗಿಲ್ಲ. ಹಾಗಾದ್ರೆ ಹೆಚ್ಚುವರಿ 50 ರೂಪಾಯಿ ಬಂದಿದ್ದೆಲ್ಲಿಂದ?

ಉತ್ತರ ಪೋಸ್ಟ್‌ಗ್ರೆಸ್‌ನ ಇತಿಹಾಸದಲ್ಲಿತ್ತು. 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡ ಅದನ್ನು ಕಟ್ಟಲು ಹೊರಟಾಗಲೇ ಟೇಬಲ್ ಇನ್‌ಹೆರಿಟೆನ್ಸ್ ಅವರ ಯೋಜನೆಯಲ್ಲಿತ್ತು. ಅಪ್ಪ-ಟೇಬಲ್‌ನ ಕಾಲಂಗಳು ಮಗ-ಟೇಬಲ್‌ಗೂ ಬರುತ್ತವೆ. ಅಪ್ಪನ ಮೇಲೆ ಅಪ್‌ಡೇಟ್ ಓಡಿಸಿದರೆ ಮಗನ ಸಾಲುಗಳೂ ಬದಲಾಗುತ್ತವೆ. ಜನರೇಟೆಡ್ ಕಾಲಂ ಬಂದಿದ್ದು ಮಾತ್ರ 2019ರಲ್ಲಿ, 12ನೇ ಆವೃತ್ತಿಯಲ್ಲಿ. ಹಳೇ ಮನೆಗೆ ಹೊಸ ಸೊಸೆ ಬಂದ ಹಾಗೆ. ಹೊಂದಿಕೊಳ್ಳೋಕೆ ಟೈಮ್ ಬೇಕಾಯ್ತು.

ಮೊದಮೊದಲ ನಿಯಮಗಳು ವಿಚಿತ್ರವಾಗಿದ್ದವು. ಅಪ್ಪ, ಮಗ ಇಬ್ಬರಲ್ಲೂ ಕಾಲಂ ಜನರೇಟೆಡ್ ಆಗಿದ್ದರೆ ಸೂತ್ರವೂ ಒಂದೇ ಇರಬೇಕಿತ್ತು. ಆದರೆ ಅಪ್ಪನಲ್ಲಿ ಮಾಮೂಲಿ ಕಾಲಂ, ಮಗನಲ್ಲಿ ಜನರೇಟೆಡ್ ಇದ್ದರೆ ಯಾರೂ ತಡೆಯುತ್ತಿರಲಿಲ್ಲ. ಬೇಲಿ ಬೇಡದ ಕಡೆ ಬೇಲಿ, ಬೇಕಾದ ಕಡೆ ಬಯಲು! ನಮ್ಮ ಟೇಬಲ್‌ಗಳು ಇದ್ದದ್ದು ಹಾಗೇ. ಯಾವುದೋ ಸ್ಕ್ರಿಪ್ಟ್ ಅಪ್ಪ-ಟೇಬಲ್ ಮೂಲಕ ಮೊತ್ತವನ್ನಷ್ಟೇ ಅಪ್‌ಡೇಟ್ ಮಾಡಿತ್ತು. ಮಗನ ಸೂತ್ರ ಓಡಲೇ ಇಲ್ಲ, 650 ಸದ್ದಿಲ್ಲದೆ ಒಳಗೆ ಕೂತಿತು. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವಿಲ್ಲ. ಮಗ-ಟೇಬಲ್‌ನಲ್ಲೇ ಪ್ರಮಾಣವನ್ನು ಮತ್ತೆ 12 ಅಂತ ಅಪ್‌ಡೇಟ್ ಮಾಡಿದ ಮೇಲೆ ಮೊತ್ತ 600ಕ್ಕೆ ಇಳೀತು. ಆಮೇಲೆ ಆ ಸ್ಕ್ರಿಪ್ಟನ್ನೂ ತೆಗೆದು ಹಾಕಿದೆವು.

2023ರಲ್ಲಿ ಬಂದ 16ನೇ ಆವೃತ್ತಿ ಎರಡನ್ನೂ ಸರಿಮಾಡಿತು. ಅಪ್ಪನಲ್ಲಿ ಜನರೇಟೆಡ್ ಆಗಿದ್ದರೆ ಮಗನಲ್ಲೂ ಆಗಿರಲೇಬೇಕು. ಅಪ್ಪನಲ್ಲಿ ಇಲ್ಲದಿದ್ದರೆ ಮಗನಲ್ಲೂ ಇರುವಂತಿಲ್ಲ. ಸೂತ್ರ ಮಾತ್ರ ಮಗ ತನ್ನದೇ ಇಟ್ಟುಕೊಳ್ಳಬಹುದು. ಏನೂ ಹೇಳದಿದ್ದರೆ ಅಪ್ಪನದ್ದೇ ಬರುತ್ತದೆ. ಸಾಲು ಯಾವ ಟೇಬಲ್‌ನಲ್ಲಿ ಕೂತಿದೆಯೋ ಆ ಟೇಬಲ್‌ನ ಸೂತ್ರವೇ ಲೆಕ್ಕ ಹಾಕುತ್ತದೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ಹೊಲ. ಅಪ್ಪ ಕಡಲೆಕಾಯಿ ಲೆಕ್ಕವನ್ನ ಮೂಟೆಯಲ್ಲಿ ಇಡ್ತಿದ್ದರು. ಈಗ ಹೊಲ ನೋಡಿಕೊಳ್ಳೋ ಅಣ್ಣ ಕ್ವಿಂಟಾಲಿನಲ್ಲಿ ಇಡ್ತಾನೆ. ಅಪ್ಪ ಅದಕ್ಕೆ ಯಾವತ್ತೂ ತಕರಾರು ಮಾಡಿಲ್ಲ. ಆದರೆ ಲೆಕ್ಕ ಬಿಟ್ಟು ಬಾಯಿಗೆ ಬಂದ ಸಂಖ್ಯೆ ಬರೆದಿದ್ದರೆ ಸುಮ್ಮನೆ ಬಿಡ್ತಿರಲಿಲ್ಲ.

ನಿಮ್ಮ ಆಫೀಸಿನಲ್ಲಿ 16ಕ್ಕಿಂತ ಹಳೇ ಆವೃತ್ತಿ ಇನ್ನೂ ಓಡ್ತಿದ್ದರೆ, ಸೋಮವಾರ ಹೋದ ತಕ್ಷಣ ಅಪ್ಪ-ಮಗನ ಕಾಲಂಗಳನ್ನ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.