ಕಾರ್ನೆಗಿ ಶಾಂತಿ ದತ್ತಿ

ರಾಷ್ಟ್ರರಾಷ್ಟ್ರಗಳ ನಡುವಣ ಯುದ್ಧವನ್ನು ನಿರ್ಮೂಲಗೊಳಿಸುವ ಉದ್ದೇಶದಿಂದ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ (1835-1919) 1910ರ ಡಿಸೆಂಬರ್ 14ರಂದು ಒಂದು ಕೋಟಿ ಡಾಲರುಗಳ ಮೂಲಧನವನ್ನಿತ್ತು ಸ್ಥಾಪಿಸಿದ ಧರ್ಮನಿಧಿ. ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಪಟ್ಟಣದ ಬಡ ನೇಕಾರನ ಮಗನಾಗಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಹತ್ತಿ ಗಿರಣಿಯ ಕೂಲಿಯಿಂದ ಮೇಲೆದ್ದು, 1901ರಲ್ಲಿ ತನ್ನ ಉಕ್ಕಿನ ಕಾರಖಾನೆಗಳನ್ನು ಸುಮಾರು 48 ಕೋಟಿ ಡಾಲರುಗಳಿಗೆ ಮಾರಿದ ಈತ, ಗಳಿಸಿದ್ದನ್ನು ಹಂಚುವುದರಲ್ಲಿಯೇ ಉಳಿದ ಆಯುಷ್ಯವನ್ನು ಕಳೆದನು. ಆ ಗಳಿಕೆಯಲ್ಲಿ ಅಮೆರಿಕದ ಸಮರನೌಕೆಗಳಿಗೆ ಒದಗಿಸಿದ ಉಕ್ಕಿನ ಕವಚಗಳ ಪಾಲೂ ಇದ್ದಿತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ವ್ಯಕ್ತಿಗಳ ವ್ಯಾಜ್ಯವನ್ನು ನ್ಯಾಯಾಸ್ಥಾನವು ತೀರಿಸುವಂತೆ ರಾಷ್ಟ್ರಗಳ ವ್ಯಾಜ್ಯವನ್ನೂ ತೀರಿಸಬಹುದೆಂಬುದು ಕಾರ್ನೆಗಿಯ ದೃಢವಿಶ್ವಾಸ. 1903ರಲ್ಲಿ ಈತ ಕೊಟ್ಟ 15 ಲಕ್ಷ ಡಾಲರುಗಳಿಂದ ಹೇಗ್ ನಗರದಲ್ಲಿ ನಿರ್ಮಿತವಾದ ಶಾಂತಿಸೌಧವು 1913ರ ಆಗಸ್ಟ್ 28ರಂದು ಉದ್ಘಾಟಿತವಾಗಿ, ವರ್ಷ ತುಂಬುವುದರೊಳಗೆ ಯೂರೋಪು ಮಹಾಯುದ್ಧಕ್ಕೆ ತುತ್ತಾಯಿತು. ಆದರೂ ಸೌಧವು ವ್ಯರ್ಥವಾಗಲಿಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯವು ಇಂದಿಗೂ ಅಲ್ಲಿಯೇ ಕೂಡುತ್ತದೆ; ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು 1952ರಿಂದ, ಮರುವರ್ಷ ಕಾಲವಾಗುವವರೆಗೆ, ಅದರ ನ್ಯಾಯಾಧೀಶರಾಗಿದ್ದರು.

ದತ್ತಿಪತ್ರದಲ್ಲಿ ಒಂದು ವಿಲಕ್ಷಣ ವಿಧಿಯುಂಟು: ಯುದ್ಧವು ಅಳಿದುಹೋದ ಬಳಿಕ ಮನುಕುಲವನ್ನು ಹೀನಗೊಳಿಸುವ ಮತ್ತಾವ ಪಿಡುಗು ಉಳಿದಿದೆಯೆಂದು ಧರ್ಮದರ್ಶಿಗಳು ಪರ್ಯಾಲೋಚಿಸತಕ್ಕದ್ದು. ಆ ವಿಧಿಗೆ ಇನ್ನೂ ಕೆಲಸ ಬಿದ್ದಿಲ್ಲ. ಪ್ರಥಮಾಧ್ಯಕ್ಷ ಎಲಿಹು ರೂಟ್ 1912ರ ನೊಬೆಲ್ ಶಾಂತಿ ಪಾರಿತೋಷಕವನ್ನೂ, ಆತನ ಉತ್ತರಾಧಿಕಾರಿ ನಿಕೊಲಸ್ ಮರೆ ಬಟ್ಲರ್ 1931ರಲ್ಲಿ ಅದರ ಅರ್ಧಭಾಗವನ್ನೂ ಪಡೆದರು. ಬಾಲ್ಕನ್ ಯುದ್ಧಗಳ ದೌರ್ಜನ್ಯಗಳನ್ನು ಸ್ಥಳದಲ್ಲಿಯೇ ವಿಚಾರಿಸಿ 1914ರಲ್ಲಿ ಪ್ರಕಟಿಸಿದ ವರದಿಯೂ, ಜೇಮ್ಸ್ ಶಾಟ್ವೆಲ್ಲನ ಸಂಪಾದಕತ್ವದಲ್ಲಿ ಹೊರಬಂದ ಮಹಾಯುದ್ಧದ ಆರ್ಥಿಕ ಮತ್ತು ಸಾಮಾಜಿಕ ಚರಿತ್ರೆಯ ಸಂಪುಟಗಳೂ ಈ ದತ್ತಿಯ ಅತ್ಯಂತ ಬೆಲೆಯುಳ್ಳ ಕಾರ್ಯಗಳೆನ್ನಬಹುದು.

ಇಂಥ ಉನ್ನತ ಕಾರ್ಯ ಯಾರಿಗೆ ಸೇರಿದ್ದೆಂಬ ಪ್ರಶ್ನೆಗೆ ಕನ್ನಡ ನಾಡಿನ ಶಾಸನವೊಂದರಲ್ಲಿ ಬೇರೊಂದು ಉತ್ತರವಿದೆ. ಆ ಮಹಾಯುದ್ಧ ನಡೆಯುತ್ತಿದ್ದಾಗ, 1915ರಲ್ಲಿ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನು ಅಶೋಕನ ಶಾಸನವೊಂದನ್ನು ಬೆಳಕಿಗೆ ತಂದನು. ದೇವಾನಾಂಪ್ರಿಯನೆಂಬ ಬಿರುದಿನ ಅರಸನನ್ನು ಅಶೋಕನೆಂದೇ ಹೆಸರಿಸುವ ಆ ಲಿಪಿಯು, ಧರ್ಮನಿರತನಾದ ಅಲ್ಪನೂ ಉನ್ನತಿಯನ್ನು ಹೊಂದಬಲ್ಲನು, ಅದು ಹಿರಿಯರಿಗೆ ಮಾತ್ರ ಮೀಸಲೆಂದು ಭಾವಿಸಕೂಡದು ಎನ್ನುತ್ತದೆ. ಕಾರ್ನೆಗಿಯ ದತ್ತಿಯಾದರೋ ಮೊದಲಿನಿಂದಲೂ ರಾಜನೀತಿಜ್ಞರ, ನ್ಯಾಯವಾದಿಗಳ, ವಿಶ್ವವಿದ್ಯಾಲಯಾಧ್ಯಕ್ಷರ ಕೈಯಲ್ಲಿದ್ದು, ಸಾಮಾನ್ಯ ಜನರ ಶಾಂತಿ ಚಳವಳಿಗಳಿಂದ ದೂರವೇ ಉಳಿಯಿತು. ಕಾಲಕ್ರಮದಲ್ಲಿ ವಿದೇಶಾಂಗ ನೀತಿಯ ಸಂಶೋಧನಾಲಯವಾಗಿ ಮಾರ್ಪಟ್ಟ ಈ ಸಂಸ್ಥೆಯ ಕೇಂದ್ರ ವಾಷಿಂಗ್ಟನ್. 2016ರಲ್ಲಿ ದೆಹಲಿಯಲ್ಲಿಯೂ ಅದರ ಶಾಖೆ ತೆರೆಯಿತು.