ಗೇರಿನ ಕಲೆ ಮತ್ತು ತಂಪುಲೇಪಗಳು

ಪ್ರಾಚೀನ ಕರ್ನಾಟಕದ ಅಂಗರಾಗಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅರಮನೆಯಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಚಾಲುಕ್ಯ ಮೂರನೆಯ ಸೋಮೇಶ್ವರನ (1127–1138) 'ಮಾನಸೋಲ್ಲಾಸ'ವು ಸ್ನಾನ, ವಿಲೇಪನಗಳನ್ನು ರಾಜಭೋಗಗಳಲ್ಲಿ ಎಣಿಸಿರುವುದರಿಂದ ಇದು ಸಹಜವೇ. ಆದರೆ ಲೇಪವನ್ನು ಹಚ್ಚಿಕೊಂಡವರು ಭೋಗಿಗಳು ಮಾತ್ರವಲ್ಲ, ಸುಟ್ಟುಕೊಂಡವರೂ ಹೌದು. ಉಡುಪಿ, ಕಾರ್ಕಳಗಳ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಕೈಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಬ್ರೆಜಿಲಿನ ಈ ಮರವನ್ನು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ನಮ್ಮ ಕರಿಗೇರು, ಅಂದರೆ ಭಲ್ಲಾತಕ, ಇದರ ಬಂಧುವೇ. ಮಾವೂ ಅದೇ ಕುಟುಂಬದ್ದು. ಬೀಜವನ್ನು ಒಡೆಯುವಾಗ ಸಿಪ್ಪೆಯಿಂದ ಒಸರುವ ಎಣ್ಣೆ ತಗಲಿದರೆ ಚರ್ಮವು ಉರಿದು ಬೊಬ್ಬೆಯೇಳುತ್ತದೆ. ಕೆಲಸಗಾರ್ತಿಯರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಬಳಿದುಕೊಂಡು ಒಡೆಯಲು ಕೂರುತ್ತಿದ್ದರು. ಗಾಯ ಮಾಯುತ್ತದೆ, ಕಪ್ಪು ಉಳಿಯುತ್ತದೆ. ಉರಿಯೂತವು ವರ್ಣಕೋಶಗಳನ್ನು ಕೆರಳಿಸಿ ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು ಹೆಚ್ಚಿಸುವುದೇ ಇದಕ್ಕೆ ಕಾರಣ. ಆ ದ್ರವ್ಯವು ಚರ್ಮದ ಒಳಪದರಕ್ಕೆ ಇಳಿದರೆ ಕಲೆಯು ವರ್ಷಗಟ್ಟಲೆ ನಿಲ್ಲುವುದುಂಟು.

ಗಾಯದ ನಂತರದ ಬಣ್ಣವು ವೈದ್ಯನ ಹೊಣೆಯೆಂಬುದನ್ನು ಸುಶ್ರುತಸಂಹಿತೆಯು ಸ್ಪಷ್ಟವಾಗಿ ಹೇಳಿದೆ. ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ಬಿಳಿಯ ಕಲೆಗೆ ಕೃಷ್ಣಕರ್ಮ, ಕಪ್ಪು ಕಲೆಗೆ ಪಾಂಡುಕರ್ಮ ಎಂದು ಎರಡಿವೆ. ಮೊದಲನೆಯದಕ್ಕೆ ಭಲ್ಲಾತಕವೇ ಮದ್ದು! ಎರಡನೆಯದಕ್ಕೆ ಆಡಿನ ಹಾಲಿನಲ್ಲಿ ಏಳು ರಾತ್ರಿ ನೆನೆಸಿದ ರೋಹಿಣೀಫಲದ ಲೇಪ. ಕಪ್ಪಾಗಿಸುವ ವಸ್ತು ಯಾವುದೆಂದು ಬಲ್ಲವರು ಅದನ್ನು ಶಮನಗೊಳಿಸುವುದನ್ನೂ ಯೋಚಿಸಿದ್ದರು. ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಇಷ್ಟು: ಎರಡು ಕರ್ಮಗಳ ಉದ್ದೇಶವೂ ಚರ್ಮವನ್ನು ಅದರ ಸ್ವಂತ ಬಣ್ಣಕ್ಕೆ ಮರಳಿಸುವುದೇ ಹೊರತು ಬೆಳ್ಳಗಾಗಿಸುವುದಲ್ಲ.

ತೆಂಗಿನೆಣ್ಣೆ, ಚಂದನ, ಲಾವಂಚಗಳು ತಂಪು ನೀಡುತ್ತವೆ. ಅವು ಕಲೆಯನ್ನು ಅಳಿಸುತ್ತವೆಂಬುದು ಬೇರೆಯೇ ಮಾತು. ಯಷ್ಟಿಮಧುವಿನ ಸ್ಥಿತಿ ಹಾಗಲ್ಲ. ಅದರಲ್ಲಿರುವ ಗ್ಲಾಬ್ರಿಡಿನ್ ಎಂಬ ಅಂಶವು ಉರಿಯೂತವನ್ನೂ ಮೆಲನಿನ್ನಿನ ಉತ್ಪತ್ತಿಯನ್ನೂ ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ನಿಯಾಸಿನಮೈಡ್ ಎಂಬ ಜೀವಸತ್ವವು ಆ ದ್ರವ್ಯವು ಕೋಶದಿಂದ ಕೋಶಕ್ಕೆ ಸಾಗುವುದನ್ನು ತಡೆಯುತ್ತದೆ. ಮನೆಮದ್ದೆಂದು ನಿಂಬೆರಸವನ್ನು ಹಚ್ಚಿ ಬಿಸಿಲಿಗೆ ಹೋದರೆ ಮಾತ್ರ ಹೊಸ ಸುಟ್ಟಕಲೆಯೇ ಗತಿ.

1975ರಲ್ಲಿ 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂದ ಮೇಲೆ ಶಮನ ಮತ್ತು ಬಿಳುಪು ಜನರ ಮಾತಿನಲ್ಲಿ ಒಂದಾಗಿ ಬೆರೆತವು. 2020ರಲ್ಲಿ ಆ ಹೆಸರು ಬದಲಾಯಿತು, ಬೆರಕೆ ಹೋಗಲಿಲ್ಲ. ಬೆಳ್ಳಗಾಗಲೆಂದು ಸ್ಟೆರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮವನ್ನೇ ತೆಳುವಾಗಿಸಿಕೊಂಡವರು ಅನೇಕರು. ಅಂಥ ಹದಿನಾಲ್ಕು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರವು 2018ರಲ್ಲಿ ವಿಧಿಸಬೇಕಾಯಿತು.

ಗೇರುಬೀಜ ಒಡೆಯುವ ಕೆಲಸಕ್ಕೆ ಈಗ ಯಂತ್ರಗಳು ಬಂದಿವೆ. ಹಿಂದೆ ಎಷ್ಟು ತೂಕದ ತಿರುಳು ಬಿಡಿಸಿದರೆ ಎಷ್ಟು ಕೂಲಿ ಎಂಬ ಲೆಕ್ಕವನ್ನು ಇಡುತ್ತಿದ್ದರು. ಸಂಜೆ ಮನೆಗೆ ಮರಳಿ ಆ ಕೈಗೆ ಏನು ಹಚ್ಚಿದರೆಂಬುದನ್ನು ಯಾವ ಪುಸ್ತಕದಲ್ಲಿಯೂ ಬರೆಯುವ ರೂಢಿಯಿರಲಿಲ್ಲ. ಹಳೆಯ ಕೆಲಸಗಾರ್ತಿಯರು ನಮ್ಮ ನಡುವೆ ಇರುವಾಗಲೇ ನಮ್ಮ ವಿದ್ಯಾರ್ಥಿಗಳು ಅವರನ್ನು ಕೇಳಿ ಅದನ್ನು ಬರೆದಿಡಬೇಕಾಗಿದೆ.